ಗಾಜು ಒಂದೋ ಎರಡೋ ಅನ್ನುವ ಮೊದಲು ಬಿಸಿಲು ಯಾವ ಕಡೆಯಿಂದ ಬರುತ್ತದೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಮನೆ ಪುರವಣಿಯಲ್ಲಿ ಜೋಡಿ ಗಾಜಿನ ಕಿಟಕಿಯ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಡಬಲ್ ಗ್ಲೇಜಿಂಗ್ ಹಾಕಿಸಿದರೆ ಎಸಿ ಬಿಲ್ ಅರ್ಧಕ್ಕೆ ಇಳಿಯುತ್ತದೆ ಎಂದು ಅದರಲ್ಲಿತ್ತು. ಸೋಮವಾರ ಬೆಳಿಗ್ಗೆಯಿಂದ ನನ್ನ ಫೋನಿಗೆ ಬಿಡುವಿಲ್ಲ. ಹುಬ್ಬಳ್ಳಿಯವರು, ಧಾರವಾಡದವರು, ಗದಗಿನಿಂದ ಒಬ್ಬರು. ಎಲ್ಲರದೂ ಒಂದೇ ಪ್ರಶ್ನೆ: ‘ಡಬಲ್ ಗ್ಲಾಸಿಗೆ ಚದರ ಅಡಿ ಎಷ್ಟ ಬೀಳ್ತದ್ರಿ?’ ಮನೆಯ ಮುಖ ಯಾವ ಕಡೆಗಿದೆ ಅಂತ ನಾನು ತಿರುಗಿ ಕೇಳಿದರೆ ಅವರಿಗೆ ಸಿಟ್ಟು. ಗಾಜಿಗೂ ದಿಕ್ಕಿಗೂ ಏನು ಸಂಬಂಧ ಅನ್ನುತ್ತಾರೆ. ಸಂಬಂಧ ಇದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಬೇಕಾದ ಕಡೆ ಕತ್ತರಿ ಆಡಿಸಿ. ಲೆಕ್ಕ ಇರುವ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ನಾನು ಕಿಟಕಿ ಮಾಡುವವನು. ನಮ್ಮ ತಂದೆ ಬ್ಯಾಡಗಿಯಲ್ಲಿ ಬಡಿಗತನ ಮಾಡುತ್ತಿದ್ದರು. ಸಾಗವಾನಿ ಚೌಕಟ್ಟು, ಮೇಲೆ ಸಣ್ಣ ಬೆಳಕಿಂಡಿ, ಕಬ್ಬಿಣದ ಸರಳು. ನಾನು ಹುಬ್ಬಳ್ಳಿಗೆ ಬಂದು ಮೊದಲು ಅಲ್ಯೂಮಿನಿಯಂ ಕೆಲಸ ಕಲಿತೆ. ಆಮೇಲೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು. ಜೋಡಿ ಗಾಜನ್ನೂ ಕೂರಿಸುತ್ತೇನೆ, ಅದರಲ್ಲಿ ನನಗೆ ಲಾಭವೂ ಜಾಸ್ತಿ. ಹಾಗಾಗಿ ಮಾರಲು ಬರದೆ ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾನೆ ಅಂತ ಯಾರೂ ತಿಳಿಯಬೇಡಿ.

ಮೊದಲು ಜೋಡಿ ಗಾಜು ಎಲ್ಲಿಯ ವಸ್ತು ಅನ್ನುವುದನ್ನು ನೋಡೋಣ. ಎರಡು ಗಾಜು, ನಡುವೆ ಹನ್ನೆರಡು ಮಿಲಿಮೀಟರ್ ಆಸುಪಾಸು ಒಣ ಗಾಳಿ ಅಥವಾ ಆರ್ಗಾನ್ ಅನಿಲ, ಸುತ್ತಲೂ ಸೀಲ್. ಗಾಜಿನ ಮೂಲಕ ಶಾಖ ಹಾದು ಹೋಗುವುದನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಇದರಲ್ಲಿ ಸುಳ್ಳಿಲ್ಲ. ಆದರೆ ಹಾದು ಹೋಗುವ ಶಾಖ ಎಷ್ಟು ಅನ್ನುವುದು ಒಳಗೂ ಹೊರಗೂ ಇರುವ ತಾಪಮಾನದ ವ್ಯತ್ಯಾಸದ ಮೇಲೆ ನಿಂತಿದೆ. ಚಳಿ ದೇಶಗಳಲ್ಲಿ ಹೊರಗೆ ಸೊನ್ನೆಗಿಂತ ಕೆಳಗಿರುತ್ತದೆ, ಒಳಗೆ ಹೀಟರ್ ಹಚ್ಚಿ ಇಪ್ಪತ್ತು ಡಿಗ್ರಿ ಇಟ್ಟುಕೊಂಡಿರುತ್ತಾರೆ. ತಿಂಗಳುಗಟ್ಟಲೆ, ಹಗಲೂ ರಾತ್ರಿ. ಅಲ್ಲಿ ಜೋಡಿ ಗಾಜು ಇಲ್ಲದೆ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 2002ರಿಂದ ಹಳೆ ಕಿಟಕಿ ಬದಲಿಸುವವರಿಗೂ ಇಂತಿಷ್ಟೇ ಶಾಖ ಸೋರಬೇಕು ಅಂತ ಕಟ್ಟಡ ನಿಯಮವೇ ಇದೆ.

ನಮ್ಮ ಕಡೆ ಅಷ್ಟು ವ್ಯತ್ಯಾಸ ಎಲ್ಲಿದೆ ಗೊತ್ತೇ? ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ. ಹೊರಗೆ ಮೇ ತಿಂಗಳ ಧಗೆ, ಒಳಗೆ ಕೊರೆಯುವ ತಂಪು. ಅಲ್ಲಿ ಗೋಡೆಗೂ ಬಾಗಿಲಿಗೂ ದಪ್ಪ ದಪ್ಪ ಇನ್ಸುಲೇಶನ್ ಹಾಕಿರುತ್ತಾರೆ, ಹಾಕಲೇಬೇಕು. ಮನೆಯ ಹಾಲ್‌ನಲ್ಲಿ ನಾವೇನು ಮೆಣಸಿನಕಾಯಿ ಚೀಲ ಪೇರಿಸಿಡುವುದಿಲ್ಲವಲ್ಲ.

ಈಗ ಲೆಕ್ಕ. ಐದು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದು ಕಿಟಕಿ ಹಿಡಿಯಿರಿ. ಇಪ್ಪತ್ತು ಚದರ ಅಡಿ, ಅಂದರೆ 1.86 ಚದರ ಮೀಟರ್. ಹೊರಗೆ 37 ಡಿಗ್ರಿ, ಒಳಗೆ ಎಸಿ ಹಾಕಿ 27. ಹತ್ತು ಡಿಗ್ರಿ ವ್ಯತ್ಯಾಸ. ಒಂಟಿ ಗಾಜಿನ ಯು-ವ್ಯಾಲ್ಯೂ, ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರ್ ಗಾಜು ಎಷ್ಟು ವ್ಯಾಟ್ ಶಾಖ ಬಿಡುತ್ತದೆ ಅನ್ನುವ ಅಂಕಿ, ಸುಮಾರು 5.7. ಇವು ಮೂರನ್ನೂ ಗುಣಿಸಿದರೆ ಗಾಜಿನ ಮೂಲಕ ಒಳಗೆ ಬರುವ ಶಾಖ 106 ವ್ಯಾಟ್. ಬರೀ ಸಾದಾ ಜೋಡಿ ಗಾಜಿನ ಯು-ವ್ಯಾಲ್ಯೂ ಸುಮಾರು 2.8. ಒಳಗೆ ಬರುವುದು 52 ವ್ಯಾಟ್. ಉಳಿತಾಯ ಐವತ್ತೈದರ ಆಸುಪಾಸು. ಎಸಿ ದಿನಕ್ಕೆ ಎಂಟು ತಾಸಿನಂತೆ ಮೂರು ತಿಂಗಳು ಓಡಿದರೆ ಒಟ್ಟು ಸುಮಾರು 40 ಯೂನಿಟ್ ಶಾಖ ತಡೆದ ಹಾಗಾಯಿತು. ಎಸಿ ಒಂದು ಯೂನಿಟ್ ಕರೆಂಟ್ ತಿಂದು ಮೂರೂವರೆ ಯೂನಿಟ್‌ನಷ್ಟು ಶಾಖವನ್ನು ಹೊರಗೆ ಹಾಕುತ್ತದೆ ಅಂತ ಹಿಡಿದರೆ, ಬಿಲ್‌ನಲ್ಲಿ ಉಳಿಯುವುದು ಹನ್ನೊಂದು ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಹಾಕಿ. ಇಡೀ ಬೇಸಿಗೆಗೆ ಎಂಬತ್ತು ರೂಪಾಯಿ ಒಳಗೇ. ಜೋಡಿ ಗಾಜಿಗೆ ಚದರ ಅಡಿಗೆ ಇನ್ನೂರು ರೂಪಾಯಿ ಮಾತ್ರ ಹೆಚ್ಚು ಬಿತ್ತು ಅಂತಲೇ ಇಟ್ಟುಕೊಳ್ಳಿ. ಆ ಕಿಟಕಿಗೆ ಹೆಚ್ಚುವರಿ ನಾಲ್ಕು ಸಾವಿರ. ಅದು ಬಿಲ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ನಿಮ್ಮ ಮೊಮ್ಮಕ್ಕಳು ಆ ಕಿಟಕಿಯನ್ನು ಕಿತ್ತು ಬೇರೆ ಹಾಕಿಸಿರುತ್ತಾರೆ. ಜೋಡಿ ಗಾಜಿನ ಸೀಲ್ ಚೆನ್ನಾಗಿದ್ದರೂ ಹದಿನೈದಿಪ್ಪತ್ತು ವರ್ಷದ ಮಾತು.

ಇದು ನೆರಳಿನಲ್ಲಿರುವ ಕಿಟಕಿಯ ಕತೆ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಕತೆ ಬೇರೆ.

ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ. ನಮ್ಮ ಅದೇ ಐದು-ನಾಲ್ಕರ ಕಿಟಕಿಯ ಮೇಲೆ ಬೀಳುವುದು 1100 ವ್ಯಾಟ್‌ಗೂ ಮೇಲೆ. ಸಾದಾ ಒಂಟಿ ಗಾಜು ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಒಳಗೆ ಬಿಡುತ್ತದೆ. ಅಂದರೆ ಹತ್ತಿರ ಹತ್ತಿರ 900 ವ್ಯಾಟ್. ಹಾಲ್‌ನಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟು ಕೂತ ಹಾಗೆ. ಈಗ ಸಾದಾ ಗಾಜನ್ನೇ ಎರಡು ಮಾಡಿ ಕೂರಿಸಿ. ಒಳಗೆ ಬರುವುದು ನೂರಕ್ಕೆ ಎಪ್ಪತ್ತರಷ್ಟು, 780 ವ್ಯಾಟ್. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಇಷ್ಟೇ ಸಿಕ್ಕಿದ್ದು. ಬಿಸಿಲಿಗೆ ಗಾಜು ಒಂದಿದ್ದರೇನು, ಎರಡಿದ್ದರೇನು, ಅದು ಬೆಳಕಾಗಿ ದಾಟಿ ಒಳಗೆ ಬಂದು ನೆಲ, ಸೋಫಾ, ಗೋಡೆಗೆ ಬಿದ್ದ ಮೇಲೆ ಶಾಖ ಆಗುತ್ತದೆ. ಒಳಗೆ ಬಂದ ಆ ಶಾಖ ಜೋಡಿ ಗಾಜು ದಾಟಿ ಹೊರಗೆ ಹೋಗುವುದು ಇನ್ನೂ ಕಷ್ಟ.

ನಿಮ್ಮ ಪುರವಣಿಯ ಬರಹದಲ್ಲಿ ಈ ಒಂದು ಮಾತು ಇರಲಿಲ್ಲ. ಇದೇ ಮುಖ್ಯ ಮಾತು.

ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭಕ್ಕೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ಕಡು ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ಬಿಸಿಲಿನ ಕಾಟ ಬಹಳ ಕಡಿಮೆ. ದಕ್ಷಿಣಕ್ಕೆ ಬಿಸಿಲು ಬೀಳುವುದು ಚಳಿಗಾಲದಲ್ಲಿ. ಆಗಲೂ ಡಿಸೆಂಬರ್ ಮಧ್ಯಾಹ್ನ ಸೂರ್ಯ ಐವತ್ತೊಂದು ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡು ಅಡಿ ಸಜ್ಜಾ ಇದ್ದರೆ ಎರಡೂವರೆ ಅಡಿ ನೆರಳು ಸಿಗುತ್ತದೆ. ಇನ್ನೇನು ಬೇಕು? ಉತ್ತರದ ಕಿಟಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಪೂರ್ವದ ಬಿಸಿಲು ಬೆಳಿಗ್ಗೆಯದು, ಆಗ ಮನೆ ಇನ್ನೂ ತಂಪಾಗಿರುತ್ತದೆ.

ಪೆಟ್ಟು ಇರುವುದೆಲ್ಲ ಪಶ್ಚಿಮಕ್ಕೆ. ಏಪ್ರಿಲ್ ಸಂಜೆ ಐದಕ್ಕೆ ಸೂರ್ಯ ಇಪ್ಪತ್ತನಾಲ್ಕು ಡಿಗ್ರಿಗೆ ಇಳಿದಿರುತ್ತಾನೆ. ಅದೇ ಎರಡು ಅಡಿ ಸಜ್ಜಾ ಆಗ ಗಾಜಿನ ಮೇಲ್ಭಾಗದ ಒಂದು ಅಡಿಗೂ ನೆರಳು ಕೊಡುವುದಿಲ್ಲ. ಉಳಿದ ಮೂರು ಅಡಿಗೆ ಬಿಸಿಲು ನೇರ. ಮನೆಯೂ ಅಷ್ಟು ಹೊತ್ತಿಗೆ ಕಾದು ಕೂತಿರುತ್ತದೆ. ಇಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೈಟ್ ಪಶ್ಚಿಮಕ್ಕೆ, ರಸ್ತೆ ಪಶ್ಚಿಮಕ್ಕೆ, ಎಲಿವೇಶನ್ ಚೆಂದ ಕಾಣಲಿ ಅಂತ ಸಜ್ಜಾ ಇಲ್ಲದ ದೊಡ್ಡ ಗಾಜು ಪಶ್ಚಿಮಕ್ಕೆ. ಬೆಂಗಳೂರಿನ ಯಾವುದೋ ಮನೆಯ ಫೋಟೋ ಮೊಬೈಲ್‌ನಲ್ಲಿ ತೋರಿಸಿ ‘ಹಿಂಗ ಬೇಕ್ರಿ’ ಅನ್ನುತ್ತಾರೆ. ಆ ಫೋಟೋ ತೆಗೆದದ್ದು ಉತ್ತರದ ಗೋಡೆಯೋ ಏನೋ, ಯಾರು ಕೇಳಿದರು.

ಮೊನ್ನೆ ಧಾರವಾಡದ ಒಬ್ಬ ತಾಯಿ ಕರೆಸಿದ್ದರು. ಮಗ ಅಮೆರಿಕದಲ್ಲಿ. ಅವರ ಹಾಲ್ ಸಂಜೆ ಕೂರಲಾಗದಷ್ಟು ಕಾಯುತ್ತದೆ. ‘ಎಲ್ಲಾ ಕಿಡಕಿಗೂ ಡಬಲ್ ಗ್ಲಾಸ್ ಹಾಕಸು ಅಂತಾನ್ರಿ ಮಗಾ, ಯು ಪಾಯಿಂಟ್ ಮೂರು ಇರಬೇಕಂತ’ ಅಂದರು.

‘ಅಕ್ಕಾರ, ಎಲ್ಲಾ ಕಿಡಕಿ ಯಾಕ್ರಿ? ಬಿಸಲು ಬರೋದು ಆ ಒಂದರಾಗ’ ಅಂದೆ.

‘ಹಂಗಂದ್ರ ಉಳದದ್ದು?’

‘ಉಳದದ್ದು ಹಂಗ ಇರಲಿ ಬಿಡ್ರಿ.’

ಅವರಿಗೆ ನಂಬಿಕೆ ಬರಲಿಲ್ಲ. ಬಂದ ಕೆಲಸವನ್ನು ಕಡಿಮೆ ಮಾಡುವ ಕೆಲಸಗಾರನ ಮೇಲೆ ಜನಕ್ಕೆ ಅನುಮಾನ ಜಾಸ್ತಿ, ನೋಡಿ. ಮಗನ ಜೊತೆ ಫೋನಿನಲ್ಲಿ ಮಾತಾಡಿಸಿದರು. ಆ ಪಾಯಿಂಟ್ ಮೂರರ ಗುಟ್ಟು ಅಲ್ಲಿ ಬಿಚ್ಚಿಕೊಂಡಿತು. ಅಮೆರಿಕದಲ್ಲಿ ಯು-ವ್ಯಾಲ್ಯೂ ಅಳೆಯುವ ಮಾನವೇ ಬೇರೆ. ಅಲ್ಲಿನ 0.30 ಅಂದರೆ ನಮ್ಮ ಲೆಕ್ಕದಲ್ಲಿ 1.7. ಅಲ್ಲಿನ ಅಂಕಿಯನ್ನು 5.678ರಿಂದ ಗುಣಿಸಬೇಕು. ವಿಡಿಯೋ ನೋಡಿ ಬಂದು, ನಮ್ಮ ಅಂಗಡಿಯ ಚೀಟಿಯಲ್ಲಿ 1.8 ಅಂತ ಇದ್ದರೆ ‘ಆರು ಪಟ್ಟು ಕಳಪೆ ಮಾಲು’ ಅಂತ ಜಗಳ ತೆಗೆಯುವವರಿದ್ದಾರೆ. ಎರಡೂ ಹೆಚ್ಚು ಕಡಿಮೆ ಒಂದೇ ಮಾಲು.

ಆ ತಾಯಿಯ ಮನೆಗೆ ನಾನು ಹೇಳಿದ್ದು ಕಿಟಕಿಯ ಹೊರಗೆ ಬಿದಿರಿನ ಚಿಕ್, ಅಂದರೆ ಬಿದಿರಿನ ಕಡ್ಡಿ ಹೆಣೆದ ಪರದೆ. ಹೊರಗೆ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಒಳಗೆ ದಪ್ಪ ಪರದೆ ಹಾಕಿದರೆ ಬಿಸಿಲು ಗಾಜು ದಾಟಿ ಆಗಲೇ ಒಳಗೆ ಬಂದಾಗಿರುತ್ತದೆ. ಪರದೆ ಕಾಯುತ್ತದೆ, ಆ ಕಾವು ಕೋಣೆಯೊಳಗೇ ಸುತ್ತುತ್ತದೆ. ಹೊರಗಿನ ಚಿಕ್ ಕಾದರೆ ಆ ಕಾವನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ. ಇಳಿ ಹೊತ್ತಿನ ಬಿಸಿಲಿನ ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ ಅಂದರೂ ತಪ್ಪಿಲ್ಲ. ಮೂರು ತಿಂಗಳ ಬೇಸಿಗೆಯಲ್ಲಿ, ದಿನಕ್ಕೆ ಮೂರು ತಾಸಿನ ಬಿಸಿಲಿಗೆ, ಒಂದೇ ಕಿಟಕಿಯಿಂದ ಮೂವತ್ತು ಮೂವತ್ತೈದು ಯೂನಿಟ್ ಕರೆಂಟ್ ಉಳಿಯುತ್ತದೆ. ಜೋಡಿ ಗಾಜಿನ ಹನ್ನೊಂದರ ಮುಂದೆ ಇಟ್ಟು ನೋಡಿ. ಗೃಹಜ್ಯೋತಿ ಇರುವವರಿಗೆ ಇದು ಇನ್ನೂ ದೊಡ್ಡ ವಿಷಯ. ತಿಂಗಳಿಗೆ ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕೈಯಿಂದ ಕಟ್ಟಬೇಕು. ಮೇ ತಿಂಗಳಲ್ಲಿ ಹತ್ತು ಯೂನಿಟ್ ಅತ್ತಿತ್ತ ಆದರೂ ಅದರ ಬಿಸಿ ತಟ್ಟುತ್ತದೆ.

ಜಾಗ ಇದ್ದರೆ ಪಶ್ಚಿಮಕ್ಕೊಂದು ಬೇವಿನ ಗಿಡ ಹಚ್ಚಿ. ಹೊಂಗೆಯೂ ಒಳ್ಳೆಯದೇ. ಎರಡೂ ಚಳಿಗಾಲ ಮುಗಿಯುವಾಗ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತವೆ. 30x40 ಸೈಟ್‌ನಲ್ಲಿ ಗಿಡಕ್ಕೆ ಜಾಗ ಎಲ್ಲಿ ಅಂತ ಕೇಳುತ್ತೀರಿ. ಕಾರ್ ಪಾರ್ಕಿಂಗ್‌ಗೆ ಸಿಕ್ಕ ಜಾಗದ ಬಗ್ಗೆ ನಾನು ಏನೂ ಅನ್ನುವುದಿಲ್ಲ.

ಇಷ್ಟಾದ ಮೇಲೂ ಗಾಜನ್ನೇ ಬದಲಿಸಬೇಕು ಅಂದರೆ, ಪದರ ಎಷ್ಟು ಅಂತ ಕೇಳುವ ಮೊದಲು ಮೂರು ಅಂಕಿ ಕೇಳಿ. ಒಂದು, ಈಗಾಗಲೇ ಹೇಳಿದ ಯು-ವ್ಯಾಲ್ಯೂ. ಇನ್ನೊಂದು ಎಸ್‌ಎಚ್‌ಜಿಸಿ. ಅಂಗಡಿಯಲ್ಲಿ ಸೋಲಾರ್ ಫ್ಯಾಕ್ಟರ್ ಅಂತಲೂ ಅನ್ನುತ್ತಾರೆ. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಶಾಖವಾಗಿ ಒಳಗೆ ಬರುತ್ತದೆ ಅನ್ನುವುದು ಇದು. ಸಾದಾ ಗಾಜಿಗೆ 0.82ರ ಆಸುಪಾಸು. ನಮ್ಮ ಕಡೆಯ ಪಶ್ಚಿಮದ ಕಿಟಕಿಗೆ ಇದು 0.35ರ ಒಳಗೆ ಇದ್ದರೆ ಒಳ್ಳೆಯದು, 0.40 ಆದರೂ ನಡೆದೀತು. ಮೂರನೆಯದು ವಿಎಲ್‌ಟಿ, ಬೆಳಕು ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವುದು. ಶಾಖದ ಅಂಕಿ ಕಡಿಮೆ ಇದ್ದು ಬೆಳಕಿನ ಅಂಕಿ ಜಾಸ್ತಿ ಇರುವ ಗಾಜು ಒಳ್ಳೆಯ ಗಾಜು. ಎರಡೂ ಕಡಿಮೆ ಇದ್ದರೆ ಹಗಲಲ್ಲೇ ಟ್ಯೂಬ್‌ಲೈಟ್ ಹಚ್ಚಬೇಕಾಗುತ್ತದೆ. ಕಂಪನಿಯ ಕ್ಯಾಟಲಾಗ್‌ನಲ್ಲಿ ಈ ಮೂರೂ ಇರುತ್ತವೆ. ‘ಅದೆಲ್ಲಾ ಬ್ಯಾಡ್ರಿ, ಇದು ಪ್ರೀಮಿಯಂ ಗ್ಲಾಸ್’ ಅನ್ನುವವನ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

ಶಾಖ ತಡೆಯುವ ಕೆಲಸ ಮಾಡುವುದು ಗಾಜಿನ ಮೇಲಿನ ಕೋಟಿಂಗ್. ಲೋ-ಇ ಅನ್ನುತ್ತಾರೆ. ಹೆಚ್ಚಿನವುಗಳಲ್ಲಿ ಬೆಳ್ಳಿಯ ಪದರ ಇರುತ್ತದೆ, ಕಣ್ಣಿಗೆ ಕಾಣದಷ್ಟು ತೆಳು. ಆ ಬೆಳ್ಳಿಯ ಕೋಟಿಂಗ್ ಗಾಳಿಗೆ, ಕೈಗೆ ತಾಗಿದರೆ ಹಾಳಾಗುತ್ತದೆ. ಅದಕ್ಕೇ ಅದನ್ನು ಜೋಡಿ ಗಾಜಿನ ಒಳಮೈಯಲ್ಲಿ ಮುಚ್ಚಿಡುತ್ತಾರೆ. ಗಟ್ಟಿ ಕೋಟಿಂಗ್ ಅಂತ ಇನ್ನೊಂದು ಬಗೆ ಇದೆ. ಗಾಜು ತಯಾರಾಗುವಾಗ ಬಿಸಿಯಲ್ಲೇ ಅದನ್ನು ಕೂರಿಸಿರುತ್ತಾರೆ. ಅದನ್ನು ಒಂಟಿ ಗಾಜಾಗಿಯೂ ಹಾಕಬಹುದು. ಬಿಸಿಲು ತಡೆಯುವ ಇಂಥ ಒಂಟಿ ಗಾಜು ನಮ್ಮ ಬಹಳ ಮನೆಗಳಿಗೆ ಸಾಕು. ಜೋಡಿಯ ಖರ್ಚು ಉಳಿಯುತ್ತದೆ.

ಜೋಡಿಯನ್ನೇ ಹಾಕಿಸುವುದಾದರೆ ಕೋಟಿಂಗ್ ಯಾವ ಮೈಗೆ ಬಂದಿದೆ ನೋಡಬೇಕು. ಗಾಜಿನ ಮೈಗಳನ್ನು ಹೊರಗಿನಿಂದ ಎಣಿಸುತ್ತಾರೆ: ಹೊರಗಾಜಿನ ಹೊರಮೈ ಒಂದು, ಅದರ ಒಳಮೈ ಎರಡು, ಒಳಗಾಜಿನ ಹೊರಮೈ ಮೂರು, ಒಳಮೈ ನಾಲ್ಕು. ಬಿಸಿಲು ದೇಶಕ್ಕೆ ಎರಡನೇ ಮೈ. ಚಳಿ ದೇಶಕ್ಕೆ ಮೂರನೇ ಮೈ. ಕೂರಿಸುವ ಹುಡುಗರು ಗಡಿಬಿಡಿಯಲ್ಲಿ ಗಾಜನ್ನು ತಿರುವು ಮುರುವು ಮಾಡಿಬಿಟ್ಟರೆ ಎರಡು ಹೋಗಿ ಮೂರಾಗುತ್ತದೆ, ನಿಮ್ಮ ದುಡ್ಡಿನ ಪಾಲು ನೀರಿಗೆ. ಪತ್ತೆ ಹಚ್ಚುವುದು ಸುಲಭ. ರಾತ್ರಿ ದೀಪ ಆರಿಸಿ, ಗಾಜಿನ ಹತ್ತಿರ ಲೈಟರ್ ಹಚ್ಚಿ ಹಿಡಿಯಿರಿ. ಗಾಜಿನಲ್ಲಿ ನಾಲ್ಕು ಜ್ವಾಲೆ ಕಾಣುತ್ತವೆ, ಮೈಗೊಂದು. ಮೂರು ಒಂದೇ ಬಣ್ಣ, ಒಂದು ಮಾತ್ರ ಬೇರೆ ಬಣ್ಣ. ಅದೇ ಕೋಟಿಂಗ್ ಇರುವ ಮೈ. ಒಳಗೆ ನಿಂತು ನೋಡಿದರೆ ನಿಮ್ಮ ಕಡೆಯಿಂದ ಮೂರನೆಯ ಜ್ವಾಲೆ ಬೇರೆ ಬಣ್ಣದ್ದಿರಬೇಕು. ನಾಲ್ಕೂ ಒಂದೇ ಥರ ಕಂಡರೆ ನಿಮಗೆ ಸಿಕ್ಕಿದ್ದು ಸಾದಾ ಗಾಜು. ಬಾಕಿ ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ. ಪರದೆಯನ್ನು ಮೊದಲು ಸರಿಸಿಡಿ, ಬೆಂಕಿ ಅದು.

ಕಪ್ಪು ಫಿಲ್ಮ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕಪ್ಪಾದದ್ದೆಲ್ಲ ತಂಪು ಅನ್ನುವ ಲೆಕ್ಕ. ಬರೀ ಬಣ್ಣದ ಫಿಲ್ಮ್ ಬಿಸಿಲನ್ನು ಹೀರಿ ತಾನೇ ಕಾಯುತ್ತದೆ. ಸಂಜೆ ಅಂಥ ಗಾಜಿಗೆ ಕೈ ಇಟ್ಟು ನೋಡಿ. ಒಂದು ಭಾಗ ಕಾದು, ಇನ್ನೊಂದು ಭಾಗ ನೆರಳಲ್ಲಿದ್ದರೆ ಟಫನ್ ಮಾಡದ, ಅಂದರೆ ಕಾಯಿಸಿ ಗಟ್ಟಿ ಮಾಡದ ಗಾಜು ಸೀಳಲೂಬಹುದು. ಕನ್ನಡಿಯಂತೆ ಹೊಳೆಯುವ ಗಾಜು ಬಿಸಿಲನ್ನು ವಾಪಸ್ ಎಸೆಯುತ್ತದೆ, ಅದು ಸರಿ. ಆದರೆ ಹಗಲು ಹೊರಗಿನವರಿಗೆ ಒಳಗೇನೂ ಕಾಣುವುದಿಲ್ಲ ಅಂತ ನಂಬಿ ಪರದೆ ತೆಗೆದವರು ರಾತ್ರಿ ದೀಪ ಹಚ್ಚಿದ ಮೇಲೆ ಇಡೀ ಓಣಿಗೆ ಕಾಣುತ್ತಾರೆ. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ.

ಹಾಗಾದರೆ ಜೋಡಿ ಗಾಜು ಯಾರಿಗೂ ಬೇಡವೇ? ಬೇಕು. ಹಳೇ ಪಿಬಿ (ಪುಣೆ-ಬೆಂಗಳೂರು) ರಸ್ತೆಗೆ ಅಂಟಿಕೊಂಡ ಮನೆಗಳಿಗೆ, ರೈಲು ಹಳಿಯ ಪಕ್ಕದವರಿಗೆ, ರಾತ್ರಿಯಿಡೀ ಎಸಿ ಓಡಿಸಲೇಬೇಕಾದ ರೋಗಿಗಳ ಕೋಣೆಗೆ, ಹಗಲೆಲ್ಲ ಎಸಿ ಇರುವ ಕ್ಲಿನಿಕ್ ಮತ್ತು ಆಫೀಸಿಗೆ. ಆದರೆ ಸದ್ದಿಗಾಗಿ ಹಾಕಿಸುವವರು ಒಂದು ತಿಳಿದಿರಲಿ. ಒಂದೇ ದಪ್ಪದ ಎರಡು ಗಾಜು ಲಾರಿ, ಬಸ್ಸಿನ ಗುಡುಗುಡು ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಎರಡೂ ಒಂದೇ ಸದ್ದಿಗೆ ಒಟ್ಟಿಗೆ ನಡುಗುತ್ತವೆ. ಒಂದು ಆರು ಮಿಲಿಮೀಟರ್, ಇನ್ನೊಂದು ನಾಲ್ಕು ಹೀಗೆ ದಪ್ಪ ಬೇರೆ ಬೇರೆ ಇರಲಿ. ಒಂದು ಲ್ಯಾಮಿನೇಟೆಡ್ ಆದರೆ ಇನ್ನೂ ಒಳ್ಳೆಯದು. ಅದರಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ, ಸದ್ದನ್ನು ಅದು ನುಂಗುತ್ತದೆ. ಒಡೆದರೂ ಚೂರುಗಳು ಹಾಳೆಗೆ ಅಂಟಿಕೊಂಡೇ ಇರುತ್ತವೆ. ಮತ್ತೆ ಈ ಗಾಜನ್ನು ಸ್ಲೈಡಿಂಗ್ ಚೌಕಟ್ಟಿನಲ್ಲಿ ಹಾಕಿಸಿದರೆ ಸದ್ದೆಲ್ಲ ಅದರ ಅಂಚಿನ ಬ್ರಷ್ ಪಟ್ಟಿಯ ಸಂದಿಯಿಂದ ನುಗ್ಗುತ್ತದೆ. ರಬ್ಬರ್ ಗ್ಯಾಸ್ಕೆಟ್‌ಗೆ ಬಿಗಿಯಾಗಿ ಕೂರುವ, ಬಾಗಿಲಿನಂತೆ ತೆರೆಯುವ ಕಿಟಕಿಯೇ ಆಗಬೇಕು. ಗದಗಿನವರಿಗೂ ಇದನ್ನೇ ಹೇಳುತ್ತೇನೆ. ಅಲ್ಲಿನ ಗಾಳಿಗೆ ಸ್ಲೈಡಿಂಗ್ ಕಿಟಕಿ ಸಿಳ್ಳೆ ಹೊಡೆಯುತ್ತದೆ, ಸಂಜೆಗೆ ಹಾಸಿಗೆ ಮೇಲೆ ಧೂಳಿನ ಪದರ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ.

ಜೋಡಿ ಗಾಜಿನ ಪ್ರಾಣ ಇರುವುದು ಅದರ ಸೀಲ್‌ನಲ್ಲಿ. ಹಗಲು ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ದಿನವೂ ಇದೇ. ಸೀಲ್ ಸೋತರೆ ತೇವ ಒಳಗೆ ಹೋಗುತ್ತದೆ. ನಡುವಿನ ಪಟ್ಟಿಯಲ್ಲಿ ತೇವ ಹೀರುವ ಹರಳು ಇರುತ್ತವೆ, ಅವು ತುಂಬಿದ ಮೇಲೆ ಗಾಜಿನ ಮಧ್ಯೆ ಮಂಜು. ಒರೆಸಲು ಬರುವುದಿಲ್ಲ, ರಿಪೇರಿಯೂ ಇಲ್ಲ, ಆ ಜೋಡಿಯನ್ನೇ ಬದಲಿಸಬೇಕು. ನಮ್ಮ ಎರೆ ಮಣ್ಣಿನ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಮಳೆಗೆ ನೆಲ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತಳಪಾಯ ಗಟ್ಟಿ ಇಲ್ಲದ ಮನೆಯ ಗೋಡೆ ಅಲುಗಿ ಚೌಕಟ್ಟು ಓರೆ ಆಗುತ್ತದೆ. ಒಂಟಿ ಗಾಜಾದರೆ ಬೀಡಿಂಗ್ (ಗಾಜು ಹಿಡಿದಿಡುವ ಪಟ್ಟಿ) ಬಿಚ್ಚಿ ಸರಿ ಮಾಡಬಹುದು. ಜೋಡಿ ಗಾಜಿನ ಮೂಲೆ ಒತ್ತಿತು ಅಂದರೆ ಸೀಲ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಗಾಜಿನ ಕೆಳಗೆ ಪ್ಯಾಕಿಂಗ್ ಇಟ್ಟು, ಸುತ್ತಲೂ ನಾಲ್ಕೈದು ಮಿಲಿಮೀಟರ್ ಸಂದಿ ಬಿಟ್ಟು ಕೂರಿಸಬೇಕು. ಹೊಸ ಮನೆಯಾದರೆ ಒಂದು ಮಳೆಗಾಲ ಕಳೆಯಲಿ, ಗೋಡೆ ಕೂರಲಿ. ಆಮೇಲೆ ಜೋಡಿ ಗಾಜಿನ ಮಾತು. ಗ್ಯಾರಂಟಿ ಚೀಟಿಯಲ್ಲಿ ‘ಸೀಲ್ ಫೇಲ್ಯೂರ್’ ಅನ್ನುವ ಶಬ್ದ ಇದೆಯೇ ಅಂತ ಓದಿ ನೋಡಿ. ಬರೀ ‘ಗಾಜಿಗೆ ಹತ್ತು ವರ್ಷ’ ಅಂತ ಬಾಯಿಮಾತಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಚೌಕಟ್ಟಿನ ಬಗ್ಗೆ ಎರಡೇ ಮಾತು. ಸಾದಾ ಅಲ್ಯೂಮಿನಿಯಂ ಶಾಖವನ್ನು ಸಲೀಸಾಗಿ ಒಳಗೆ ತರುತ್ತದೆ. ದುಬಾರಿ ಜೋಡಿ ಗಾಜನ್ನು ಅದರಲ್ಲಿ ಕೂರಿಸಿದರೆ ಗಾಜಿನ ಗುಣ ಅರ್ಧ ಹಾಳು. ಯುಪಿವಿಸಿ, ಮರ ಎರಡೂ ಈ ವಿಷಯದಲ್ಲಿ ವಾಸಿ. ಯುಪಿವಿಸಿಯ ಒಳಗೆ ಕಬ್ಬಿಣದ ಪಟ್ಟಿ ಇದೆಯೇ ಕೇಳಿ, ಇಲ್ಲದಿದ್ದರೆ ಜೋಡಿ ಗಾಜಿನ ಭಾರಕ್ಕೆ ಜೋಲುತ್ತದೆ. ಧಾರವಾಡದವರು ಕೆಳಗಿನ ಪಟ್ಟಿಯಲ್ಲಿ ನೀರು ಹೋಗುವ ತೂತು ಇವೆಯೇ ಅಂತಲೂ ನೋಡಿ. ಏಪ್ರಿಲ್‌ನಲ್ಲಿ ಬಿಸಿಲು ಹೊಡೆಯುವ ಅದೇ ಪಶ್ಚಿಮದ ಕಿಟಕಿಗೆ ಜುಲೈನಲ್ಲಿ ಇರಚಲು ಮಳೆ ಹೊಡೆಯುತ್ತದೆ. ತೂತಿಗೆ ಸಿಮೆಂಟ್ ಮೆತ್ತಿ ಹೋಗುವ ಗೌಂಡಿಗಳಿಗೆ ಕೊರತೆ ಇಲ್ಲ.

ಗಾಜಿನ ಲಾಭ ಎಲ್ಲ ಇರುವುದು ಕಿಟಕಿ ಮುಚ್ಚಿದ್ದಾಗ. ಇದನ್ನು ಮರೆಯುತ್ತಾರೆ. ನಮ್ಮ ಊರಿನ ಹವೆಗೆ ಬೇಸಿಗೆಯಲ್ಲೂ ರಾತ್ರಿ ಎಂಟರ ಮೇಲೆ ಗಾಳಿ ತಣ್ಣಗಾಗುತ್ತದೆ. ಧಾರವಾಡದಲ್ಲಂತೂ ಕೇಳುವುದೇ ಬೇಡ. ಎಸಿ ಇಲ್ಲದ ಮನೆಗೆ ಆಗ ಬೇಕಾದದ್ದು ಪೂರ್ತಿ ತೆರೆಯುವ ಕಿಟಕಿ, ಎದುರು ಬದುರು. ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಕೆಲವರು ದೊಡ್ಡ ಫಿಕ್ಸೆಡ್ ಗಾಜು ಹಾಕಿಸಿ ಪಕ್ಕದಲ್ಲಿ ಅಂಗೈ ಅಗಲದ ಕಿಂಡಿ ಬಿಡುತ್ತಾರೆ. ಹಗಲು ಸೇರಿಕೊಂಡ ಧಗೆ ರಾತ್ರಿ ಹೊರಗೆ ಹೋಗಲು ದಾರಿಯೇ ಇಲ್ಲ. ಅಂಥ ಮನೆಗೆ ಜೋಡಿ ಗಾಜು ಹಾಕಿದರೆ ಬಿಸಿಯನ್ನು ಒಳಗೇ ಕೂಡಿಟ್ಟ ಹಾಗೆ. ಒಂದಂತಸ್ತಿನ ಆರ್‌ಸಿಸಿ ಮನೆಯವರು ಇನ್ನೊಂದು ಯೋಚಿಸಿ. ನಿಮ್ಮ ತಲೆಯ ಮೇಲಿನ ಸ್ಲ್ಯಾಬ್ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲಿ ಇರುತ್ತದೆ. ಮೊದಲ ದುಡ್ಡು ಅದಕ್ಕೆ ಹೋಗಲಿ. ಬಿಳಿ ಸುಣ್ಣವೋ ಬಿಳಿ ಹೆಂಚೋ, ಕೈಗೆ ಎಟುಕಿದ್ದು. ಇದರಿಂದ ನನಗೇನೂ ಸಿಗುವುದಿಲ್ಲ.

ಸರ್ಕಾರದ ನಿಯಮ ಇಲ್ಲವೇ ಅಂತ ಕೇಳಬಹುದು. ಇದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರ್‌ನಲ್ಲಿ ಇಕೋ ನಿವಾಸ ಸಂಹಿತೆ ತಂದಿತು. ಚಳಿ ಪ್ರದೇಶ ಬಿಟ್ಟು ಉಳಿದ ಕಡೆ, ಗೋಡೆ ಕಿಟಕಿ ಸೇರಿ ಚದರ ಮೀಟರಿಗೆ ಸರಾಸರಿ 15 ವ್ಯಾಟ್‌ಗಿಂತ ಹೆಚ್ಚು ಶಾಖ ಒಳಗೆ ಬರುವಂತಿಲ್ಲ ಅಂದಿತು ಅದು. ಆ ಲೆಕ್ಕದಲ್ಲಿ ಕಿಟಕಿಯ ದಿಕ್ಕು, ಸಜ್ಜಾದ ಅಳತೆ, ಗಾಜಿನ ಎಸ್‌ಎಚ್‌ಜಿಸಿ ಎಲ್ಲವೂ ಬರುತ್ತವೆ. ತೆರೆಯುವ ಭಾಗ ಎಷ್ಟಿರಬೇಕು, ಬೆಳಕು ಎಷ್ಟು ಬರಬೇಕು ಅನ್ನುವುದೂ ಇದೆ. ಕೇಳಲು ಚೆಂದ. ಆದರೆ ಆಗ ಅದು ಅನ್ವಯ ಆದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ನಮ್ಮ 30x40 ಅಂದರೆ 111 ಚದರ ಮೀಟರ್. ಹಾಗಾಗಿ ನಮ್ಮಂಥವರ ಮನೆ ಕಟ್ಟುವಾಗ ಈ ಲೆಕ್ಕವನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಪಾಲಿಕೆಯಲ್ಲಿ ನಕ್ಷೆಗೆ ಅನುಮತಿ ಕೊಡುವಾಗ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡುವ ಜಾಗ) ಅಳೆಯುತ್ತಾರೆ. ಪಶ್ಚಿಮದ ಕಿಟಕಿಗೆ ನೆರಳು ಏನು ಮಾಡಿದ್ದೀರಿ ಅಂತ ಒಂದು ಸಾಲು ಅದರಲ್ಲಿ ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಅಮೆರಿಕದಲ್ಲಿ ಕಿಟಕಿಯ ಮೇಲೆ ಯು, ಎಸ್‌ಎಚ್‌ಜಿಸಿ, ಬೆಳಕು ಈ ಮೂರು ಅಂಕಿಯ ಚೀಟಿ ಅಂಟಿಸುತ್ತಾರೆ. ಇಂಗ್ಲೆಂಡಿನಲ್ಲಿ ಫ್ರಿಜ್‌ಗೆ ಇರುವಂಥದೇ ಬಣ್ಣದ ಪಟ್ಟಿಯ ಚೀಟಿ ಇದೆ. ಇಲ್ಲಿ ನಮ್ಮ ಫ್ರಿಜ್ಜಿಗೂ ಎಸಿಗೂ ಸ್ಟಾರ್ ಚೀಟಿ ನೋಡಿಯೇ ಜನ ಕೊಳ್ಳುತ್ತಾರೆ. ಕಿಟಕಿ ಗಾಜಿನ ಬಗ್ಗೆ ಪುರವಣಿಯಲ್ಲಿ ಇನ್ನು ಮುಂದೆ ಬರೆದರೆ, ಜಾಹೀರಾತು ಹಾಕಿದರೂ ಸರಿ, ಆ ಮೂರು ಅಂಕಿಗಳನ್ನು ಹಾಕಲು ಹೇಳಿ. ‘ಬಿಲ್ ಅರ್ಧ’ ಅನ್ನುವ ಮಾತು ಯಾವ ಊರಿನ, ಯಾವ ದಿಕ್ಕಿನ ಕಿಟಕಿಗೆ ಅನ್ನುವುದನ್ನೂ ಕೇಳಿ ಬರೆಯಿರಿ.

ಗದಗಿನಿಂದ ಫೋನ್ ಮಾಡಿದ್ದವರಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ, ಅವರ ನಂಬರ್ ಅಳಿಸಿಹೋಗಿದೆ. ನಿಮ್ಮ ಅಜ್ಜನ ಕಾಲದ ಸಾಗವಾನಿ ಚೌಕಟ್ಟನ್ನು ಕಿತ್ತು ಯುಪಿವಿಸಿ ಹಾಕಿಸಬೇಡಿ. ಕಟ್ಟಿಗೆ ಗಟ್ಟಿ ಇದೆ ಅಂತ ನೀವೇ ಹೇಳಿದಿರಿ. ಒಳ್ಳೆಯ ಬಡಿಗನನ್ನು ಕರೆಸಿ ಕದದ ಸುತ್ತ ರಬ್ಬರ್ ಪಟ್ಟಿ ಹೊಡೆಸಿ, ಧೂಳು ನಿಲ್ಲುತ್ತದೆ. ಮಲಗುವ ಕೋಣೆಯ ಪಶ್ಚಿಮದ ಕಿಟಕಿಗೆ ಮಾತ್ರ ಗಟ್ಟಿ ಕೋಟಿಂಗ್‌ನ ಐದು ಮಿಲಿಮೀಟರ್ ಟಫನ್ ಗಾಜು ಹಾಕಿಸಿ. ಅಳತೆ ತೆಗೆದುಕೊಳ್ಳುವಾಗ ನಾಲ್ಕೂ ಮೂಲೆ ಮತ್ತು ಕರ್ಣ ಅಳೆಯಲು ಹೇಳಿ. ಟಫನ್ ಆದ ಮೇಲೆ ಗಾಜನ್ನು ಕೊಯ್ಯಲು ಬರುವುದಿಲ್ಲ, ಒಂದು ನೂಲು ಹೆಚ್ಚಾದರೂ ಹೊಸ ಗಾಜೇ ತರಬೇಕು.

ಇತಿ,
ಕಿಟಕಿ ಕೆಲಸದ ಒಬ್ಬ ಓದುಗ
ಗೋಕುಲ ರಸ್ತೆ, ಹುಬ್ಬಳ್ಳಿ